ಚಳಿಗೆ ಬಾಗಿಲು ಮುಚ್ಚಿದ ಮೇಲೆ

ದೆಹಲಿಗೆ ಬಂದ ಮೊದಲ ವರ್ಷ, ಅಮ್ಮ ಕಾಗದದಲ್ಲಿ ಮಡಿಸಿ ಕೊಟ್ಟಿದ್ದ ತುಳಸಿ ಬೀಜವನ್ನು ಹಾಸ್ಟೆಲಿನ ಬಾಲ್ಕನಿಯ ಕುಂಡವೊಂದಕ್ಕೆ ಹಾಕಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಮೊಣಕಾಲೆತ್ತರ ಬೆಳೆದು ಕದಿರು ಬಿಟ್ಟಿತು. ಡಿಸೆಂಬರ್ ಕೊನೆಯ ವಾರ ಎಲೆಗಳು ಅಂಚಿನಿಂದ ಕಪ್ಪಾಗತೊಡಗಿದವು. ಹಾಸನದ ಕಡೆಯವನಾದ ನನಗೆ ಚಳಿಯೆಂದರೆ ಬೆಳಗಿನ ಮಂಜು, ಹಂಡೆ ಒಲೆಯ ಮುಂದಿನ ಜಾಗ, ಅಷ್ಟೇ. ಗಿಡವನ್ನು ಕೊಲ್ಲುವ ಚಳಿಯನ್ನು ಕಂಡವನಲ್ಲ. ಗಾಬರಿಯಾಗಿ ಕುಂಡವನ್ನು ಕೋಣೆಯೊಳಗೆ ತಂದೆ. ಕಿಟಕಿ ಮುಚ್ಚಿದೆ. ರಾತ್ರಿ ಹೀಟರ್ ಹಚ್ಚಿದಾಗ ಗಿಡಕ್ಕೂ ಒಂದಿಷ್ಟು ಬಿಸಿ ಸಿಗಲೆಂದು ಹತ್ತಿರ ಎಳೆದುಕೊಂಡೆ.

ಮೂರು ವಾರದಲ್ಲಿ ಹೊಸ ಚಿಗುರು ಬಂತು. ಚಿಗುರಿನ ಸಂದಿಗಳಲ್ಲಿ ಹತ್ತಿಯ ಎಳೆಯಂಥ ಬಿಳಿ ಚುಕ್ಕೆಗಳೂ ಬಂದವು. ಹಿಟ್ಟು ತಿಗಣೆ. ಒಂದನ್ನು ತೆಗೆದರೆ ಮರುದಿನ ನಾಲ್ಕು ಇರುತ್ತಿದ್ದವು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಚಳಿ ಅಂತ ಬಾಗಿಲು ಹಾಕ್ಕೊಂಡು ಕೂತ್ರೆ ಹುಳಾನೂ ಒಳಗೇ ಬೆಚ್ಚಗೆ ಕೂತ್ಕೊಳ್ಳತ್ತೆ ಕಣೋ. ಸ್ವಲ್ಪ ಗಾಳಿ ಆಡೋಕೆ ಬಿಡು ಅದಕ್ಕೆ" ಎಂದಳು.

ನನ್ನ ಸಂಶೋಧನೆ ಹತ್ತೊಂಬತ್ತನೇ ಶತಮಾನದ ಸಸ್ಯತೋಟಗಳ ಕುರಿತದ್ದು. ಹಗಲೆಲ್ಲ ಗಾಜಿನ ಮನೆಗಳ ಬಗ್ಗೆ ಓದುತ್ತಿದ್ದವನಿಗೆ ಅಮ್ಮನ ಈ ಮಾತು ಓದಿದ ಪುಟಗಳ ಸಾರಾಂಶದಂತೆ ಕೇಳಿಸಿತು. ಚಳಿಯಿಂದ ಗಿಡವನ್ನು ಕಾಯಲು ಕಟ್ಟಿದ ಗೋಡೆ ಹುಳುವನ್ನೂ ಕಾಯುತ್ತದೆ. ಯುರೋಪು ಈ ಪಾಠ ಕಲಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಸಮಯ ತೆಗೆದುಕೊಂಡಿತು. ಆ ಕಥೆಯ ಒಂದು ತುದಿ ನಮ್ಮ ಲಾಲ್‌ಬಾಗಿನಲ್ಲೂ ಇದೆ.

*

ನೆಲದಲ್ಲಿ ನೆಟ್ಟ ಗಿಡಕ್ಕೆ ಭೂಮಿಯೇ ಕಂಬಳಿ. ಹಗಲಿನ ಬಿಸಿಲನ್ನು ಕುಡಿದ ಮಣ್ಣು ರಾತ್ರಿ ನಿಧಾನವಾಗಿ ಅದನ್ನು ಬಿಡುತ್ತದೆ. ಒಂದು ಅಡಿ ಕೆಳಗಿನ ಬೇರಿಗೆ ಮೇಲಿನ ಚಳಿಯ ಸುದ್ದಿ ತಲುಪುವಷ್ಟರಲ್ಲಿ ಬೆಳಗಾಗಿರುತ್ತದೆ. ಕುಂಡದ ಗಿಡಕ್ಕೆ ಆ ಭಾಗ್ಯವಿಲ್ಲ. ಅಲ್ಲಿರುವುದು ಬೊಗಸೆ ಮಣ್ಣು. ಸುತ್ತಲಿಂದಲೂ ಅಡಿಯಿಂದಲೂ ತಣ್ಣನೆಯ ಗಾಳಿ ತಾಗುತ್ತದೆ. ಹಾಗಾಗಿ ಕುಂಡದ ಬೇರಿಗೆ ಚಳಿ ಬೇಗ ಮುಟ್ಟುತ್ತದೆ. ಆದರೆ ಕುಂಡಕ್ಕೊಂದು ಅನುಕೂಲವಿದೆ. ಅದನ್ನು ಎತ್ತಿಕೊಂಡು ಹೋಗಬಹುದು. ಬೇಗ ಸಾಯಬಲ್ಲ, ಆದರೆ ಹೊತ್ತೊಯ್ಯಬಹುದಾದ ಗಿಡ: ಮುಂದಿನ ಕಥೆಯೆಲ್ಲ ಇದರದ್ದೇ.

ಚಳಿ ಗಿಡಕ್ಕೆ ರೋಗ ತರುತ್ತದೆಂಬುದು ನಮ್ಮ ಹಳಬರಿಗೆ ಗೊತ್ತಿರಲಿಲ್ಲವೆಂದಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಮರಗಳ ಕಾಯಿಲೆಗೆ ಚಳಿ, ಗಾಳಿ, ಬಿಸಿಲುಗಳನ್ನು ಕಾರಣವೆನ್ನುತ್ತಾನೆ. ಎಲೆ ಬಿಳಿಚಿಕೊಳ್ಳುವುದು, ಚಿಗುರು ನಿಲ್ಲುವುದು, ಕೊಂಬೆ ಒಣಗುವುದು, ರಸ ಸೋರುವುದು ಇವೆಲ್ಲ ಲಕ್ಷಣಗಳು. ಕೆಟ್ಟ ಭಾಗವನ್ನು ಕತ್ತಿಯಿಂದ ತೆಗೆದು, ವಾಯುವಿಳಂಗ, ತುಪ್ಪ, ಕೆಸರು ಕಲಸಿ ಮೆತ್ತಿ, ಹಾಲು ಬೆರೆಸಿದ ನೀರುಣಿಸುವುದು ಅವನು ಹೇಳುವ ಚಿಕಿತ್ಸೆ. ಕನ್ನಡದಲ್ಲಿ ಚಾಲುಕ್ಯರ ಕಾಲದ ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಇಲ್ಲಿನ ಚಿಕಿತ್ಸೆ ಗಿಡ ಇದ್ದ ಕಡೆಗೇ ಹೋಗುತ್ತದೆ. ಗಿಡವನ್ನು ಎತ್ತಿ ಮನೆಯೊಳಗಿಡುವ ಪ್ರಮೇಯ ನಮ್ಮ ಹವೆಯಲ್ಲಿ ಹೆಚ್ಚಾಗಿ ಬರುವುದಿಲ್ಲ. ತುಳಸಿಗೆ ನಾವು ಕಟ್ಟೆ ಕಟ್ಟಿದೆವು, ಚಾವಣಿ ಹಾಕಲಿಲ್ಲ.

ಚಾವಣಿ ಹಾಕಬೇಕಾಗಿ ಬಂದದ್ದು ಹಿಮ ಬೀಳುವ ನಾಡಿನವರಿಗೆ, ಅದರಲ್ಲೂ ತಮ್ಮ ನೆಲದ್ದಲ್ಲದ ಗಿಡದ ಮೇಲೆ ಆಸೆಪಟ್ಟವರಿಗೆ. ರೋಮನ್ ಚಕ್ರವರ್ತಿ ಟೈಬೀರಿಯಸ್‌ಗೆ ಸೌತೆ ಜಾತಿಯ ಕಾಯಿಯೊಂದು ದಿನವೂ ಬೇಕಿತ್ತು. ತೋಟದವರು ಅದನ್ನು ಗಾಲಿಗಳ ಮೇಲಿನ ಮಡಿಗಳಲ್ಲಿ ಬೆಳೆಸಿ, ಹಗಲು ಬಿಸಿಲಿಗೆ ತಳ್ಳಿ, ಚಳಿ ಬಂದಾಗ ಬೆಳಕು ತೂರುವ ತೆಳು ಕಲ್ಲಿನ ಹಾಳೆಗಳ ಕೆಳಗೆ ಎಳೆದುಕೊಳ್ಳುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಗಾಲಿಯೂ ಪಾರದರ್ಶಕ ಮುಚ್ಚಳವೂ ಆಗಲೇ ಇದ್ದವು. ಅದನ್ನು ತಳ್ಳುವ ಕೈಗಳೂ ಇದ್ದವು, ಹೆಸರಿಲ್ಲದೆ.

*

ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಆ ಆಸೆ ಕಿತ್ತಳೆಯ ರೂಪ ತಾಳಿತು. ಕಿತ್ತಳೆ ಏಷ್ಯಾದ ಮರ. ಅದರ ಯುರೋಪಿಯನ್ ಹೆಸರುಗಳು ಸಂಸ್ಕೃತದ 'ನಾರಂಗ'ದಿಂದ ಪರ್ಷಿಯನ್, ಅರಬ್ಬಿ ನಾಲಗೆಗಳ ಮೇಲೆ ಹಾದುಹೋದವು. ಕೊಡಗಿನಲ್ಲಿ ಕಾಫಿ ಗಿಡಗಳ ನಡುವೆ ಬಯಲಲ್ಲೇ ನಿಲ್ಲುವ ಮರಕ್ಕೆ ಪ್ಯಾರಿಸಿನ ಸುತ್ತ ಒಂದು ಚಳಿಗಾಲ ಕಳೆಯುವುದೂ ಕಷ್ಟ. ಹದಿನಾಲ್ಕನೇ ಲೂಯಿ ದೊರೆಗೆ ಅದೇ ಬೇಕಿತ್ತು. ತನ್ನ ಹಣಕಾಸು ಮಂತ್ರಿ ಫೂಕೆಯನ್ನು 1661ರಲ್ಲಿ ಸೆರೆಗೆ ಹಾಕಿಸಿದ ಮೇಲೆ, ಅವನ ಅರಮನೆಯ ಕಿತ್ತಳೆ ಮರಗಳನ್ನೂ ದೊರೆ ತನ್ನದಾಗಿಸಿಕೊಂಡ. ಮರಗಳನ್ನು ಹೀಗೆ ಜಪ್ತಿ ಮಾಡಲು ಸಾಧ್ಯವಾದದ್ದು ಅವು ಪೆಟ್ಟಿಗೆಗಳಲ್ಲಿದ್ದುದರಿಂದ.

1684 ಮತ್ತು 1686ರ ನಡುವೆ ವಾಸ್ತುಶಿಲ್ಪಿ ಆರ್ದುಆಂ-ಮಾನ್ಸಾರ್ ವರ್ಸೇಲ್ಸಿನಲ್ಲಿ ಈ ಮರಗಳಿಗಾಗಿ ಹೊಸ ಆರೇಂಜರಿ ಕಟ್ಟಿದ. ಸುಮಾರು 150 ಮೀಟರ್ ಉದ್ದ, 13 ಮೀಟರ್ ಎತ್ತರದ ಕಮಾನು ಹಜಾರ. ದಕ್ಷಿಣಕ್ಕೆ ಮುಖ ಮಾಡಿದ ದೊಡ್ಡ ಕಿಟಕಿಗಳು, ದಪ್ಪ ಗೋಡೆಗಳು. ಚಳಿಗಾಲದ ಓರೆ ಬಿಸಿಲು ಒಳಗೆ ಆಳದವರೆಗೂ ಬೀಳುತ್ತಿತ್ತು, ಕಲ್ಲು ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಒಳಗಿನ ಶಾಖ 5 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಸಾಕು, ಮರ ಬದುಕುತ್ತದೆ. ಮೇ ತಿಂಗಳಲ್ಲಿ ಪೆಟ್ಟಿಗೆಗಳನ್ನು ಹೊರಗೆ ತರುವುದು, ಅಕ್ಟೋಬರಿನಲ್ಲಿ ಒಳಗೆ ಸೇರಿಸುವುದು. ಇವತ್ತಿಗೂ ಅಲ್ಲಿ ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಮರಗಳು ವರ್ಷಕ್ಕೆರಡು ಬಾರಿ ಹೀಗೆ ವಲಸೆ ಹೋಗುತ್ತವೆ.

ಆರೇಂಜರಿಯದು ಒಂದು ಬಗೆಯ ಸಂಯಮ. ಅದು ಗಿಡವನ್ನು ಸಾವಿನಿಂದ ಮಾತ್ರ ಕಾಯುತ್ತದೆ. ಮರ ಒಳಗೆ ಚಿಗುರುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಚಳಿಯಲ್ಲೂ ಬೆಳೆಯಬೇಕು, ಹಣ್ಣು ಕೊಡಬೇಕು ಎಂಬ ಆಸೆ ಹುಟ್ಟಿದಾಗ ಒಲೆ ಬಂತು. ತೊಂದರೆಯೂ ಬಂತು.

ಇಂಗ್ಲೆಂಡಿನ ಜಾನ್ ಎವೆಲಿನ್ ದಿನಚರಿ ಬರೆದಿಟ್ಟುಕೊಳ್ಳುತ್ತಿದ್ದವನು, ಮರಗಿಡಗಳ ಹುಚ್ಚಿದ್ದವನು. 1685ರ ಆಗಸ್ಟಿನಲ್ಲಿ ಅವನು ಲಂಡನ್ನಿನ ಚೆಲ್ಸಿ ಔಷಧಿ ತೋಟಕ್ಕೆ ಹೋದ. ಅಲ್ಲಿ ಮಲೇರಿಯಾ ಜ್ವರಕ್ಕೆ ಮದ್ದಾದ ಸಿಂಕೋನ ಮರ ಕಂಡ. ಗಿಡಗಳ ಕೋಣೆಯ ನೆಲದಡಿ ಇಟ್ಟಿಗೆಯ ಕಮಾನು ಕಟ್ಟಿ, ಅಲ್ಲಿ ಒಲೆ ಉರಿಸಿ, ಬಿಸಿಯನ್ನು ಮೇಲಕ್ಕೆ ಬಿಡುವ ಏರ್ಪಾಟನ್ನೂ ಕಂಡು ಮೆಚ್ಚಿದ. ಗಡ್ಡೆಕಟ್ಟುವ ಚಳಿಯಲ್ಲೂ ಅಲ್ಲಿ ಬಾಗಿಲು ಕಿಟಕಿ ತೆರೆದಿಡಬಹುದಿತ್ತು ಎಂಬುದನ್ನು ಅವನು ಗಮನಿಸಿ ಬರೆದ. ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಿದರೆ ಗಾಳಿ ಕೆಟ್ಟು ಗಿಡಗಳು ಸೊರಗುತ್ತವೆಂಬುದು ಅವನಿಗೆ ಗೊತ್ತಿತ್ತು. 1691ರಲ್ಲಿ ಒಲೆಯನ್ನು ಹೊರಗಿಟ್ಟು, ಹೊರಗಿನ ತಾಜಾ ಗಾಳಿಯನ್ನು ಕೊಳವೆಗಳಲ್ಲಿ ಕಾಯಿಸಿ ಒಳಗೆ ಬಿಡುವ ಗಿಡಮನೆಯ ವಿನ್ಯಾಸವನ್ನು ಅವನೇ ಪ್ರಕಟಿಸಿದ. ಗಾಳಿ ಆಡೋಕೆ ಬಿಡು ಎಂದ ಅಮ್ಮನೂ ಎವೆಲಿನ್ನನೂ ಇಲ್ಲಿ ಒಂದೇ ಪಕ್ಷ.

*

ಹದಿನೆಂಟನೇ ಶತಮಾನದಲ್ಲಿ ಶ್ರೀಮಂತರ ಹುಚ್ಚು ಅನಾನಸಿನತ್ತ ತಿರುಗಿತು. ಚರ್ಮ ಹದಮಾಡಿ ಉಳಿದ ಓಕ್ ತೊಗಟೆಯನ್ನು ದೊಡ್ಡ ಗುಂಡಿಯಲ್ಲಿ ತುಂಬಿ ಹುಳಿಯಲು ಬಿಟ್ಟರೆ ಅದು ತಿಂಗಳುಗಟ್ಟಲೆ ಹದವಾದ ಬಿಸಿ ಕೊಡುತ್ತದೆ. ಆ ತೊಗಟೆಯೊಳಗೆ ಅನಾನಸಿನ ಕುಂಡಗಳನ್ನು ಕತ್ತಿನವರೆಗೆ ಹೂಳುತ್ತಿದ್ದರು. ಮೇಲೆ ಗಾಜು, ಪಕ್ಕದಲ್ಲಿ ಒಲೆ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ಮಲೆನಾಡಿನ ಮಳೆಗಾಲ.

ಆ ಮಳೆಗಾಲದಲ್ಲಿ ಅನಾನಸು ಒಂದೇ ಬೆಳೆಯಲಿಲ್ಲ. ಪೋರ್ಟ್‌ಲೆಂಡ್ ಡ್ಯೂಕನ ತೋಟಗಾರ ವಿಲಿಯಂ ಸ್ಪೀಚ್ಲಿ 1779ರಲ್ಲಿ ಅನಾನಸು ಬೇಸಾಯದ ಬಗ್ಗೆ ಪುಸ್ತಕ ಬರೆದ. ಹಣ್ಣಿನ ಜೊತೆಗೇ ಬಿಸಿಮನೆಯನ್ನು ಕಾಡುವ ಪ್ರತಿಯೊಂದು ಹುಳುವಿನ ವರ್ಣನೆಯನ್ನೂ ಅವನ್ನು ಕೊಲ್ಲುವ ವಿಧಾನವನ್ನೂ ಕೊಡುವುದಾಗಿ ಆ ಪುಸ್ತಕದ ಶೀರ್ಷಿಕೆಯೇ ಸಾರುತ್ತದೆ. ಬಿಸಿಮನೆ ಮತ್ತು ಹುಳು ಅಷ್ಟರಲ್ಲೇ ಒಂದೇ ಸಂಸಾರದವರಾಗಿದ್ದರು.

ಕಾರಣ ಸರಳ. ಬಯಲಿನಲ್ಲಿ ಹುಳುವನ್ನು ಕೊಲ್ಲುವವರು ಹಲವರು. ಮಳೆ ಎಲೆಯಿಂದ ತೊಳೆಯುತ್ತದೆ, ಹಕ್ಕಿ ಹೆಕ್ಕುತ್ತದೆ, ಗುಲಗಂಜಿ ಹುಳದಂಥ ಬೇಟೆಗಾರ ಕೀಟಗಳು ತಿನ್ನುತ್ತವೆ. ಎಲ್ಲಕ್ಕಿಂತ ದೊಡ್ಡ ಕೊಲೆಗಾರ ಚಳಿ. ವರ್ಷಕ್ಕೊಮ್ಮೆ ಬಂದು ಲೆಕ್ಕ ಚುಕ್ತಾ ಮಾಡಿ ಹೋಗುತ್ತದೆ. ಗಾಜು ಈ ಎಲ್ಲರನ್ನೂ ಹೊರಗಿಟ್ಟಿತು. ಹೊರಗಾದರೆ ಹುಳುವಿನ ಸಂತತಿಗೂ ಒಂದು ವಿರಾಮ ಇರುತ್ತದೆ, ಒಳಗೆ ವರ್ಷವಿಡೀ ಬೆಚ್ಚಗೆ, ವರ್ಷವಿಡೀ ಚಿಗುರು.

ಕೀಟಗಳ ಹೆಸರುಗಳಲ್ಲೇ ಈ ಚರಿತ್ರೆ ಉಳಿದಿದೆ. ಗಾಜಿನ ಮನೆಯ ಬಿಳಿ ನೊಣವನ್ನು 1856ರಲ್ಲಿ ಇಂಗ್ಲೆಂಡಿನ ಕೀಟತಜ್ಞ ಜಾನ್ ವೆಸ್ಟ್‌ವುಡ್ ವರ್ಣಿಸಿ 'ವೇಪರೇರಿಯೋರಮ್' ಎಂದು ಕರೆದ; ಆ ಲ್ಯಾಟಿನ್ ಪದಕ್ಕೆ 'ಬಿಸಿಮನೆಗಳದ್ದು' ಎಂದರ್ಥ. ಕಿತ್ತಳೆ, ನಿಂಬೆಗಳ ಹಿಟ್ಟು ತಿಗಣೆಯನ್ನು 1813ರಲ್ಲಿ ವರ್ಣಿಸಿದ ರಿಸ್ಸೊ 'ಸಿಟ್ರಿ' ಎಂದು ಹೆಸರಿಟ್ಟ. ನನ್ನ ತುಳಸಿಯ ಮೇಲೆ ಕೂತಿದ್ದದ್ದು ಅದರ ನೆಂಟನಿರಬೇಕು.

ಇದೇ ವೆಸ್ಟ್‌ವುಡ್‌ಗೆ 1863ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಗಾಜಿನ ಮನೆಯೊಂದರಿಂದ ಗಂಟು ಬಿದ್ದ ದ್ರಾಕ್ಷಿ ಎಲೆಗಳು ಬಂದವು. ಗಂಟುಗಳೊಳಗಿದ್ದದ್ದು ಫಿಲಾಕ್ಸೆರಾ ಎಂಬ ಅಮೆರಿಕದ ಪುಟ್ಟ ಹೇನು. ಐದು ವರ್ಷಗಳ ನಂತರ, 1868ರಲ್ಲಿ, ದಕ್ಷಿಣ ಫ್ರಾನ್ಸಿನಲ್ಲಿ ಸಾಯುತ್ತಿದ್ದ ದ್ರಾಕ್ಷಿ ಬಳ್ಳಿಗಳ ಬೇರಿನಲ್ಲಿ ಅದೇ ಸಿಕ್ಕಿತು. ಮುಂದಿನ ದಶಕಗಳಲ್ಲಿ ಅದು ಯುರೋಪಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿ ಕಸಿ ಕಟ್ಟಿದ ಮೇಲೆಯೇ ರೈತರು ಉಸಿರಾಡಿದ್ದು. ಯುರೋಪಿನಲ್ಲಿ ಆ ಹುಳು ಮೊದಲು ಕಣ್ಣಿಗೆ ಬಿದ್ದದ್ದು ಹೊಲದಲ್ಲಿ ಅಲ್ಲ, ಗಾಜಿನ ಕೆಳಗೆ.

ಹುಳುವಿಗೆ ಮದ್ದೆಂದರೆ ಹೊಗೆ. ನಮ್ಮ ವೃಕ್ಷಾಯುರ್ವೇದ ಗ್ರಂಥಗಳು ವಾಯುವಿಳಂಗ, ಸಾಸಿವೆಗಳ ಧೂಪ ಹೇಳಿದರೆ, ಇಂಗ್ಲೆಂಡಿನ ತೋಟಗಾರರು ತಂಬಾಕು ಉರಿಸಿದರು. ಸಂಜೆ ಗಾಜಿನ ಮನೆಯ ಸಂದಿಗೊಂದಿ ಮುಚ್ಚಿ, ಒದ್ದೆ ತಂಬಾಕಿಗೆ ಕೆಂಡ ಹಾಕಿ, ತಿದಿ ಒತ್ತಿ ಹೊಗೆ ತುಂಬಿಸುವುದು. ಬೆಳಗ್ಗೆ ಪಿಚಕಾರಿಯಲ್ಲಿ ನೀರು ಹೊಡೆದು ಎಲೆ ತೊಳೆಯುವುದು. ಈ ಕೆಲಸ ಮಾಡಿದವರ ಬಗ್ಗೆ ಪುಸ್ತಕಗಳಲ್ಲಿ ಹೆಚ್ಚಿಲ್ಲ. ಮದುವೆಯಾಗದ ಕಿರಿಯ ತೋಟಗಾರರು ಗೋಡೆಯ ಉತ್ತರದ ಮಗ್ಗುಲಿನ ಪುಟ್ಟ ಕೋಣೆಗಳಲ್ಲಿ ಮಲಗುತ್ತಿದ್ದರು. ರಾತ್ರಿ ಎದ್ದು ಒಲೆಗೆ ಕಲ್ಲಿದ್ದಲು ಹಾಕುವ ಸರದಿ ಅವರದ್ದು. ಗೋಡೆಯ ದಕ್ಷಿಣದಲ್ಲಿ ಅನಾನಸು, ಬಿಸಿಲು, ಗಾಜು. ಉತ್ತರದಲ್ಲಿ ಈ ಹುಡುಗರು. ಕಣ್ಣು ಹತ್ತಿ ಬೆಂಕಿ ಆರಿದರೆ ಒಂದೇ ರಾತ್ರಿಯಲ್ಲಿ ವರ್ಷದ ಶ್ರಮ ಹೋಗುತ್ತಿತ್ತು. ಚಳಿಯಿಂದ ಗಿಡ ಕಾದ ಚರಿತ್ರೆ ಎಂದರೆ ಇವರ ನಿದ್ದೆಯ ಚರಿತ್ರೆಯೂ ಹೌದು.

*

ಹುಳು ಸಾಯಿಸಲು ಹೊರಟವರ ನಡುವೆ ಹುಳು ಸಾಕಲು ಹೊರಟವನೊಬ್ಬನಿಂದ ಈ ಕಥೆ ತಿರುವು ಪಡೆಯಿತು. ನಥಾನಿಯಲ್ ವಾರ್ಡ್ ಲಂಡನ್ನಿನ ವೈದ್ಯ. ಕಲ್ಲಿದ್ದಲ ಹೊಗೆಯಲ್ಲಿ ಅವನ ಜರಿಗಿಡಗಳು ಉಳಿಯುತ್ತಿರಲಿಲ್ಲ. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಪತಂಗಕ್ಕೆ ಕಾಯುತ್ತಿದ್ದಾಗ ಮಣ್ಣಿನಿಂದ ಒಂದು ಜರಿಗಿಡವೂ ಹುಲ್ಲೂ ಮೊಳೆತವು. ಹಗಲು ಏರಿದ ಆವಿ ಗಾಜಿಗೆ ತಾಗಿ ನೀರಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ನೀರು ಹಾಕುವ ಅಗತ್ಯವೇ ಬೀಳಲಿಲ್ಲ.

ಇದೇ ತತ್ವದ ಮೇಲೆ ಗಾಜು, ಮರ ಸೇರಿಸಿ ಪೆಟ್ಟಿಗೆ ಮಾಡಿಸಿ, 1833ರಲ್ಲಿ ಎರಡನ್ನು ಸಿಡ್ನಿಗೆ ಕಳಿಸಿದ. ಗಿಡಗಳು ಚೆನ್ನಾಗಿ ತಲುಪಿದವು. ಮರುಪ್ರಯಾಣದಲ್ಲಿ ಆಸ್ಟ್ರೇಲಿಯಾದ ಗಿಡಗಳು ಬಂದವು. ದಕ್ಷಿಣ ಅಮೆರಿಕದ ತುದಿಯಲ್ಲಿ ಶಾಖ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗಿಳಿದು ಹಡಗಿನ ಅಟ್ಟದ ಮೇಲೆ ಒಂದಡಿ ಹಿಮ ಬಿದ್ದಿತ್ತು; ಸಮಭಾಜಕ ದಾಟುವಾಗ ಸುಮಾರು 49 ಡಿಗ್ರಿಗೆ ಏರಿತ್ತು. ಗಿಡಗಳು ಬದುಕಿ ಬಂದವು. ಆರೇಂಜರಿಗೆ ಗಾಲಿ ಬಂದಂತಾಯಿತು.

ಆ ಪೆಟ್ಟಿಗೆಯಲ್ಲಿ ಸಾಮ್ರಾಜ್ಯ ಪ್ರಯಾಣ ಮಾಡಿತು. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಹೀಗೆಯೇ. ಎವೆಲಿನ್ ಚೆಲ್ಸಿಯಲ್ಲಿ ಕಂಡಿದ್ದ ಸಿಂಕೋನ 1860ರ ಹೊತ್ತಿಗೆ ಪೆರುವಿನಿಂದ ನಮ್ಮ ನೆರೆಯ ನೀಲಗಿರಿಗೆ ಹೊರಟಿತು. ಕ್ಲೆಮೆಂಟ್ಸ್ ಮಾರ್ಕಂ ತಂದ ಸಸಿಗಳು ಹಿಮವನ್ನು ತಡೆದರೂ ಕೆಂಪು ಸಮುದ್ರದ ಸೆಖೆ ತಡೆಯಲಿಲ್ಲ. ನೀಲಗಿರಿಯಲ್ಲಿ ಅವು ಉಳಿಯಲಿಲ್ಲ. ಬೇರೆಡೆಯಿಂದ ಬಂದ ಬೀಜ, ಸಸಿಗಳಿಂದ ಊಟಿಯಲ್ಲಿ ವಿಲಿಯಂ ಮೆಕ್‌ಐವರ್ ಸಿಂಕೋನ ತೋಪುಗಳನ್ನು ಎಬ್ಬಿಸಿದ.

ಪೆಟ್ಟಿಗೆಯ ಮಣ್ಣಿನಲ್ಲಿ ಟಿಕೆಟ್ಟಿಲ್ಲದ ಪ್ರಯಾಣಿಕರೂ ಇದ್ದರು. ಹೊಸ ಊರಿನಲ್ಲಿ ಅವರನ್ನು ತಿನ್ನುವವರು ಇರಲಿಲ್ಲ. ದೇಶಗಳು ಎಚ್ಚೆತ್ತುಕೊಂಡದ್ದು ತಡವಾಗಿ. ಅಮೆರಿಕ 1912ರಲ್ಲಿ, ಬ್ರಿಟಿಷ್ ಭಾರತ 1914ರಲ್ಲಿ ಹೊರಗಿನಿಂದ ಬರುವ ಸಸಿ, ಕೀಟಗಳ ತಪಾಸಣೆಗೆ ಕಾನೂನು ತಂದವು. ಹೊಸ ಕುಂಡ ತಂದರೆ ಎರಡು ವಾರ ಬೇರೆ ಇಡಿ ಎಂದು ನರ್ಸರಿಯವರು ಈಗಲೂ ಹೇಳುವ ಮಾತು ಅದೇ ಕಾನೂನಿನ ಮನೆ ಆವೃತ್ತಿ.

*

ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಆಗ ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ, ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. ಆ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ, ಚಾಟ್ಸ್‌ವರ್ತ್‌ನಲ್ಲಿ ಗಿಡಗಳಿಗೆ ಗಾಜಿನ ಮನೆ ಕಟ್ಟಿಯೇ ಪಳಗಿದವನು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಶಾಖ 7.8 ಡಿಗ್ರಿ, 1884ರ ಜನವರಿ 13ರಂದು. ಅಂದರೆ ಬೆಂಗಳೂರಿನ ಅತ್ಯಂತ ಚಳಿಯ ಇರುಳಿನ ಬಯಲು ಕೂಡ ಲೂಯಿ ದೊರೆಯ ಕಿತ್ತಳೆಗಳು ಬೇಡುತ್ತಿದ್ದ 5 ಡಿಗ್ರಿಗಿಂತ ಬೆಚ್ಚಗಿತ್ತು! ಚಳಿಗೆಂದು ಹುಟ್ಟಿದ ಕಟ್ಟಡ ಚಳಿಯಿಲ್ಲದ ಊರಿಗೆ ಬಂತು. ಬಂದ ಮೇಲೆ ಬದಲಾಯಿತು. ಬದಿಗಳನ್ನು ಗಾಳಿಗೆ ತೆರೆದಿಟ್ಟರು. ಗಿಡಗಳನ್ನು ಅಡಗಿಸುವ ಬದಲು ತೋರಿಸುವ ಜಾಗವಾಯಿತು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಅಮ್ಮ ಅಪ್ಪನ ಕೈ ಹಿಡಿದು ಹೋದವರೆಲ್ಲ ಆ ಗಾಜಿನ ಕೆಳಗೆ ನಿಂತಿದ್ದೇವೆ. ಅದು ಯಾವ ಚಳಿಯ ನೆನಪು ಎಂದು ಆಗ ನಮಗೆ ಹೊಳೆದಿರಲಿಲ್ಲ.

ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನಲ್ಲಿ 1836ರಿಂದ ಕಟ್ಟಿದ ಮಹಾ ಗಾಜಿನ ಮನೆಗೆ ಎಂಟು ಬಾಯ್ಲರುಗಳಿದ್ದವು. ಕಲ್ಲಿದ್ದಲು ನೆಲದಡಿಯ ಹಳಿಯ ಮೇಲೆ ಬರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗಲಿಲ್ಲ, ಒಲೆ ಆರಿತು, ಗಿಡಗಳು ಸತ್ತವು. 1920ರಲ್ಲಿ ಸಿಡಿಮದ್ದಿಟ್ಟು ಆ ಮನೆಯನ್ನು ಉರುಳಿಸಿದರು. ಒಳಗಿನ ಬಿಸಿಯನ್ನೇ ನಂಬಿದ್ದ ಗಿಡಕ್ಕೆ ಹೊರಗಿನ ಲೋಕ ಸ್ವಲ್ಪವೂ ಅಭ್ಯಾಸವಿರಲಿಲ್ಲ. ಒಲೆಯಿಲ್ಲದ ಲಾಲ್‌ಬಾಗಿನ ಗಾಜಿನ ಮನೆ ಇನ್ನೂ ನಿಂತಿದೆ.

ಹುಳುವಿನ ವಿಷಯದಲ್ಲೂ ಉತ್ತರ ಹೊರಗಿನಿಂದಲೇ ಬಂತು. 1926ರಲ್ಲಿ ಇಂಗ್ಲೆಂಡಿನ ಟೊಮೆಟೊ ಬೆಳೆಗಾರನೊಬ್ಬನ ಗಾಜಿನ ಮನೆಯಲ್ಲಿ ಬಿಳಿ ನೊಣದ ಮರಿಗಳು ಕಪ್ಪಾಗಿದ್ದವು. ಚೆಶಂಟ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದರೆ, ಎನ್‌ಕಾರ್ಸಿಯಾ ಎಂಬ ಪುಟಾಣಿ ಕಣಜ ಅವುಗಳೊಳಗೆ ಮೊಟ್ಟೆ ಇಟ್ಟಿತ್ತು. ಅದನ್ನು ಸಾಕಿ ಬೆಳೆಗಾರರಿಗೆ ಹಂಚಿದರು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂದಾಗ ಕಣಜವನ್ನು ಮರೆತರು. ಬಿಳಿ ನೊಣ ವಿಷಕ್ಕೆ ಒಗ್ಗಿಕೊಂಡ ಮೇಲೆ ಮತ್ತೆ ಹುಡುಕಿದರು. ಗಾಜು ಯಾರನ್ನು ಹೊರಗಿಟ್ಟಿತ್ತೋ ಅವರನ್ನೇ ಮತ್ತೆ ಒಳಗೆ ಕರೆಯಬೇಕಾಯಿತು.

*

ಫೆಬ್ರವರಿಯಲ್ಲಿ ಕುಂಡವನ್ನು ಮತ್ತೆ ಬಾಲ್ಕನಿಗೆ ಸಾಗಿಸಿದೆ. ಹಾಸ್ಟೆಲಿನ ಮಾಲಿಯನ್ನು ಕೇಳಿದಾಗ ಹೇಳಿದ್ದು ಮೂರೇ ಮಾತು: ದಕ್ಷಿಣದ ಗೋಡೆಗೆ ಒರಗಿಸಿಡು, ನೀರು ಬೆಳಗ್ಗೆ ಮಾತ್ರ ಹಾಕು, ರಾತ್ರಿ ಬಟ್ಟೆ ಹೊದಿಸಿ ಬೆಳಗ್ಗೆ ಮರೆಯದೆ ತೆಗೆ. ಕುಂಡದ ಸುತ್ತ ಗೋಣಿಚೀಲ ಸುತ್ತಿದೆ. ನೆಲದ ತಂಪು ತಾಗದಂತೆ ಅಡಿಗೆ ಹಲಗೆ ಕೊಟ್ಟೆ. ಸೋಪಿನ ನೀರಲ್ಲಿ ಹತ್ತಿ ಅದ್ದಿ, ಎಲೆಯ ಅಡಿಯಿಂದ ತಿಗಣೆಗಳನ್ನು ಒಂದೊಂದಾಗಿ ಒರೆಸಿದೆ. ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿದೆ. ಹುಳು ಹೋಯಿತು. ಗಿಡ ಉಳಿಯಲಿಲ್ಲ. ಒಳಗಿನ ಬೆಚ್ಚನೆಯಲ್ಲಿ ಬಂದಿದ್ದ ಆ ಮೆತ್ತನೆಯ ಚಿಗುರು ಹೊರಗಿನ ನಾಲ್ಕು ರಾತ್ರಿ ತಡೆಯಲಿಲ್ಲ. ಹಂತಹಂತವಾಗಿ ಹೊರಗೆ ಅಭ್ಯಾಸ ಮಾಡಿಸಬೇಕಿತ್ತು. ತಪ್ಪು ನನ್ನದೇ.

ಒಣಗಿದ ಕಡ್ಡಿ ಕೀಳಲು ಮನಸ್ಸು ಬರದೆ ಹಾಗೇ ಬಿಟ್ಟಿದ್ದೆ. ಮಾರ್ಚಿನಲ್ಲಿ ಕಡ್ಡಿಯ ಬುಡದಲ್ಲಿ, ಅಕ್ಟೋಬರಿನ ಕದಿರಿನಿಂದ ಉದುರಿದ ಬೀಜದಿಂದ, ಏಳು ಸಸಿ ಎದ್ದಿದ್ದವು. ನಾನು ಅವನ್ನು ಕಾದಿರಲಿಲ್ಲ. ಆ ಬೀಜ ಮಣ್ಣಿನಲ್ಲಿ ತಾನೇ ಕಾದುಕೊಂಡಿತ್ತು. ಹಳೆಯ ಗಿಡ ಹೋದ ಸುದ್ದಿಯನ್ನು ಅಳುಕುತ್ತಲೇ ಅಮ್ಮನಿಗೆ ತಿಳಿಸಿದೆ. "ಹೋದ್ರೆ ಹೋಯ್ತು ಬಿಡು. ಬೀಜ ಎತ್ತಿಟ್ಕೊಂಡಿದ್ಯಾ?" ಎಂದಳು.

ಈಗ ಪ್ರತಿ ಅಕ್ಟೋಬರಿನಲ್ಲಿ ಎತ್ತಿಡುತ್ತೇನೆ.